ಎರಡನೇ ಪಾಳಿಯ ಟೇಬಲ್ಲು

"ಸರ್, ಇದರಾಗ ನಮ್ಮ ಮೂವರ ಹೆಸರು ಎಲ್ಲಿ ಅದಾವ?"

ರಮಾಬಾಯಿ ಮೇಡಂ ಆ ಕಾಗದವನ್ನು ಎರಡು ಸಲ ಓದಿ, ಮೂರನೇ ಸಲ ನನ್ನ ಮುಂದೆ ಹಿಡಿದರು. ನಾವು ಜಗತ್ ಸರ್ಕಲ್ ಹತ್ತಿರದ ಖಮರುದ್ದೀನ್ ಭಾಯಿಯ ಟ್ರಾವೆಲ್ಸ್ ಅಂಗಡಿಯಲ್ಲಿದ್ದೆವು. ಹಡಗಿನ ಕಂಪನಿಯಿಂದ ರಾತ್ರಿ ಊಟದ ಪಟ್ಟಿ ಆಗಷ್ಟೇ ಬಂದಿತ್ತು.

ಓದಿದೆ. ಮೊದಲನೇ ಪಾಳಿ, ಆರೂವರೆ ಗಂಟೆ, ಎಂಟು ಕುರ್ಚಿಯ ಟೇಬಲ್ಲು: ನಾನು, ನನ್ನ ಹೆಂಡತಿ ಮಂಜುಷಾ, ನನ್ನ ತಾಯಿ ಸರಸ್ವತೀಬಾಯಿ, ನಮ್ಮ ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟ್ ದೌಲಪ್ಪ, ಅವರ ಹೆಂಡತಿ ಸುಮಂಗಲಾ. ಐದೇ ಹೆಸರು! ಪುಟ ತಿರುಗಿಸಿದೆ. ಎರಡನೇ ಪಾಳಿ, ಎಂಟೂಮುಕ್ಕಾಲು ಗಂಟೆ, ನಾಲ್ಕು ಕುರ್ಚಿಯ ಟೇಬಲ್ಲು: ರಮಾಬಾಯಿ, ಅವರ ಗಂಡ ಮಾಪಣ್ಣ, ಮಗಳು ಗೌತಮಿ.

ದೀಪಾವಳಿ ರಜೆಗೆ ಮುಂಬೈಯಿಂದ ಐದು ರಾತ್ರಿಯ ಹಡಗಿನ ಪ್ರವಾಸ. ಮೂರು ಮನೆ, ಎಂಟು ಮಂದಿ. ಎಲ್ಲರಿಗೂ ಒಂದೇ ಟೇಬಲ್ಲು ಎಂದು ಕೂಡಿ ಕೂತು ಫಾರ್ಮು ತುಂಬಿದ್ದೆವು. ಹದಿನೆಂಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೆಲಸ ಮಾಡಿದವರು ನಾನೂ ರಮಾಬಾಯಿಯೂ. ನಾನು ಭೌತಶಾಸ್ತ್ರ, ಅವರು ಇತಿಹಾಸ.

"ಕಂಪನಿಯವರ ತಪ್ಪಿರಬೇಕು," ಎಂದೆ.

"ಇಲ್ಲ ಸಾಬ್." ಖಮರುದ್ದೀನ್ ಡ್ರಾಯರ್ ಎಳೆದು ಒಂದು ಚೀಟಿ ತೆಗೆದರು. ಅವರು ಯಾರ ಮುಖವನ್ನೂ ನೋಡಲಿಲ್ಲ. "ಹೋದ ಶುಕ್ರವಾರ ನಿಮ್ಮ ಮೂರೂ ಮನಿಯವರು ಆಧಾರ್ ಕಾಪಿ ಕೊಟ್ಟು ಹೋದ್ರಲ್ಲ, ನಾ ನಮಾಜಿಗೆ ಹೋಗಿದ್ದೆ. ಬಂದು ಲಕೋಟೆ ಒಡೆದು ಎಲ್ಲಾ ಕಾಗದ ಒಂದಕಡೆ ಹಾಕಿದೆ. ಅದರಾಗ ಇದು ಸಿಕ್ತು. ಯಾವ ಲಕೋಟೆದಂತ ಗೊತ್ತಿಲ್ಲ."

ಚೀಟಿ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದದ್ದು. ಎರಡೇ ಸಾಲು: 'ಹಿರಿಯರೊಬ್ಬರ ಊಟದ ನಿಯಮದ ಸಲುವಾಗಿ ರಮಾಬಾಯಿಯವರ ಮನೆಯ ಮೂವರಿಗೆ ರಾತ್ರಿ ಎರಡನೇ ಪಾಳಿ, ಬೇರೆ ಟೇಬಲ್ಲು ಕೊಡಿ. ಗುಂಪಿನ ಪರವಾಗಿ.'

"ಒಂದು ಮಾತು ಕೇಳಬೇಕಾಗಿತ್ತಲ್ಲ ಭಾಯ್?"

"ಶರಮ್ ಆಯ್ತು ಸಾಬ್. ಇಂಥಾದ್ದನ್ನ ಯಾವ ಬಾಯಿಲೆ ಕೇಳೋದು?"

ಗುಂಪಿನಲ್ಲಿ ಹಿರಿಯರು ಒಬ್ಬರೇ — ನನ್ನ ತಾಯಿ, ನಮ್ಮ ಆಯಿ. ಎಪ್ಪತ್ತಾರು ವರ್ಷ. ಮಡಿ, ಪೂಜೆ, ಜಪ. ಇನ್ಯಾರು? ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ರಮಾಬಾಯಿ ಬೌದ್ಧರು. ಮೂರು ತಲೆಮಾರಿನ ಹಿಂದೆ ಅವರ ಮನೆತನ ನಮ್ಮಂಥವರ ಅಂಗಳಕ್ಕೂ ಬರುವ ಹಾಗಿರಲಿಲ್ಲ. ಇತಿಹಾಸದ ಆ ಪಾಠವನ್ನು ಅವರಿಗೆ ಯಾರೂ ಹೇಳಬೇಕಾಗಿಲ್ಲ.

ರಮಾಬಾಯಿ ದನಿ ಎತ್ತರಿಸಲಿಲ್ಲ.

"ಲಿಸ್ಟ್ ಯಾವಾಗ ಬಂದ್ ಆಗ್ತದ ಭಾಯ್?"

"ನಾಳಿ ಸಂಜಿ ಐದಕ್ಕ."

"ಅಷ್ಟರೊಳಗ ಇದು ಯಾರು ಬರದದ್ದಂತ ನನಗ ಗೊತ್ತಾಗಬೇಕು ಸರ್. ಇಲ್ಲಂದ್ರ ನಮ್ಮ ಮೂರೂ ಹೆಸರು ತಗಸ್ತೀನಿ. ಹಡಗಿಂದ ಅಷ್ಟ ಅಲ್ಲ, ನಿಮ್ಮ ಮನಿ ಬಾಗಿಲಿಗೂ ಮತ್ತ ಬರಂಗಿಲ್ಲ." ಅಲ್ಲಿಯೇ ನಿಂತು ಫೋನು ಹಚ್ಚಿದರು. "ಚಿಗವ್ವಾ? ನಾಳಿ ಮುಂಜಾನಿ ಕಲಬುರಗಿಗಿ ಬಾ. ಒಂದು ಕೆಲಸ ಅದ."

*

ರಮಾಬಾಯಿಯ ಚಿಕ್ಕಮ್ಮ ಪುತಳಾಬಾಯಿ ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವರು, ಈಗ ಕಮಲಾಪುರದಲ್ಲಿ ನಿವೃತ್ತ ಜೀವನ. ನೂರಿಪ್ಪತ್ತು ಹುಡುಗಿಯರ ಊಟದ ಸಾಲಿನ ಮುಂದೆ ನಿಂತೇ ಅವರ ಆಯುಷ್ಯ ಕಳೆದಿತ್ತು. ಯಾರು ಯಾರ ಪಕ್ಕ ಕೂತರು, ಯಾರು ಎದ್ದು ಹೋದರು, ಯಾರ ತಾಟಿನಲ್ಲಿ ಅನ್ನ ಉಳಿಯಿತು — ಇಷ್ಟು ನೋಡಿಯೇ ಹಾಸ್ಟೆಲ್ಲಿನ ಕಳವು, ಜಗಳ, ಸುಳ್ಳು ಎಲ್ಲವನ್ನೂ ಹಿಡಿಯುತ್ತಿದ್ದರಂತೆ.

ಮರುದಿನ ಹತ್ತು ಗಂಟೆಗೆ ಬಸ್ಸಿಳಿದರು. ಬಿಳಿ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಬಟ್ಟೆಯ ಚೀಲ. ಅವರನ್ನು ಕಾರಿನಲ್ಲಿ ಕರೆದುಕೊಂಡು ತಿರುಗುವ ಕೆಲಸವನ್ನು ರಮಾಬಾಯಿ ನನಗೇ ಒಪ್ಪಿಸಿದ್ದರು. ಅದು ಶಿಕ್ಷೆಯೋ ವಿಶ್ವಾಸವೋ ನನಗೆ ತಿಳಿಯಲಿಲ್ಲ.

ಖಮರುದ್ದೀನ್ ಚೀಟಿ ಮುಂದಿಟ್ಟರು. ಪುತಳಾಬಾಯಿ ಅದನ್ನು ಮುಟ್ಟಲೂ ಇಲ್ಲ.

"ಚೀಟಿ ಆಮ್ಯಾಲ. ಹಡಗಿನ್ಯಾಗ ಉಣ್ಣಾಕ ಹ್ಯಾಂಗ ಹಾಕ್ತಾರ, ಅದನ್ನ ಹೇಳ್ರಿ ಮೊದಲ."

"ಮೂರು ನಮೂನಿ ಅದಾವ ಮೇಡಂ. ಹನ್ನೊಂದನೇ ಅಂತಸ್ತಿನ್ಯಾಗ ಬಫೆ. ನಾಷ್ಟಾ, ಮಧ್ಯಾಹ್ನದ ಊಟ ಅಲ್ಲೇ. ಎಷ್ಟು ಬೇಕಷ್ಟು ಹಾಕ್ಕೊಂಡು ಎಲ್ಲಿ ಬೇಕಲ್ಲಿ ಕುಂದ್ರಬಹುದು. ರಾತ್ರಿ ಊಟ ಕೆಳಗಿನ ದೊಡ್ಡ ಹಾಲಿನ್ಯಾಗ. ಅಲ್ಲಿ ಪಾಳಿ, ಟೇಬಲ್ಲು, ಕುರ್ಚಿ, ಬಡಿಸಾವ್ರು ಐದೂ ದಿನ ಅವೇ. ಇವೆರಡೂ ಟಿಕೆಟಿನ್ಯಾಗ ಬಂತು. ಮೂರನೇದು ಸ್ಪೆಷಲ್ ಹೋಟೆಲ್. ಮೀನಿಂದೊಂದು, ಚೈನೀಸ್ ಒಂದು. ಅದನ್ನ ಬ್ಯಾರೆ ಬುಕ್ ಮಾಡಬೇಕು."

"ಹಗಲಿನ್ಯಾಗ ಯಾರು ಯಾರ ಬಾಜೂಕ ಕುಂತ್ರೂ ನಡೀತದ?"

"ನಡೀತದ್ರಿ. ಅದಕ್ಕ ಲಿಸ್ಟೇ ಇಲ್ಲ."

"ವಯಸ್ಸಾದವರು ರಾತ್ರಿ ಊಟ ಬಿಟ್ಟಿರ್ತಾರ. ಅಂಥಾವ್ರಿಗೆ ಬರೇ ಹಾಲು, ಬಾಳಿಹಣ್ಣು ಬೇಕಾದ್ರ?"

"ಮ್ಯಾಲ ಬಫೆದಾಗ ಹಾಲು-ಹಣ್ಣು ಇರ್ತಾವ. ಅಂಥಾವ್ರು ಕೆಳಗಿನ ಊಟಕ್ಕ ಬರೋ ಜರೂರತ್ತೇ ಇಲ್ಲ."

ಇದೇನು ಪತ್ತೇದಾರಿಕೆ! ಮುಂಜಾನೆ ತಿಂಡಿ ತಿನ್ನದೆ ಬಂದಿರಬೇಕು ಎಂದುಕೊಂಡೆ.

"ಮನಿಯಿಂದ ರೊಟ್ಟಿ, ಚಟ್ನಿ ಒಯ್ಯಬಹುದೇನು?"

"ಗೇಟಿನ್ಯಾಗ ತಗೊಂಡುಬಿಡ್ತಾರ. ಕಾಗದದ ಪ್ಲೇಟು, ಕಪ್ಪು ಸುದ್ದಾ ಹಡಗಿನ್ಯಾಗ ಇಲ್ಲ. ಎಲ್ಲಾ ಪಿಂಗಾಣಿ, ತೊಳದು ತೊಳದು ಎಲ್ಲಾರಿಗೂ ಅವೇ." ಖಮರುದ್ದೀನ್ ನನ್ನ ಕಡೆ ತಿರುಗಿದರು. "ಸಾಬರ ಮನಿಯವರು ಫೋನ್ ಮಾಡಿ ಈ ಕಪ್ಪಿಂದೇ ಕೇಳಿದ್ರು."

"ನಮ್ಮ ಆಯಿ ಸಲುವಾಗಿ ಕೇಳಿರಬೇಕು," ಎಂದೆ.

"ನಿಮ್ಮ ಮನಿ ಲಕೋಟೆ ಯಾರು ತಂದಿದ್ರು ಸರ್?" ಪುತಳಾಬಾಯಿ ಕೇಳಿದರು.

"ನಾನೇ. ಮಂಜುಷಾ ಅಂಟಿಸಿ ಕೊಟ್ಟಿದ್ಲು."

"ಒಳಗ ಏನೇನಿತ್ತು?"

"ಆಧಾರ್ ಕಾಪಿ... ನೋಡಲಿಲ್ರಿ."

"ನೋಡಲಿಲ್ಲ," ಎಂದು ಅವರು ಅದೇ ಮಾತನ್ನು ಮೆಲ್ಲಗೆ ಹೇಳಿ ಎದ್ದರು.

*

ಶಹಾಬಜಾರದ ನಮ್ಮ ಮನೆಯ ಓಣಿಯಲ್ಲಿ ಕಾರು ಹೋಗುವುದಿಲ್ಲ. ನಡೆದು ಬಂದೆವು. ಆಯಿ ಮನೆಯಲ್ಲಿರಲಿಲ್ಲ. ಕಮಲಾಪುರದಲ್ಲಿ ಅರ್ಚಕರಾಗಿರುವ ಬಂಡು ಮಾಮಾನ ಮನೆಗೆ ಹೋಗಿ ಹನ್ನೆರಡು ದಿನವಾಗಿತ್ತು.

ಬಂದವರು ರಮಾಬಾಯಿಯ ಚಿಕ್ಕಮ್ಮ ಎಂದೆ. ಮಂಜುಷಾ ಚಹಾ ತಂದಳು. ನನಗೂ ಅವಳಿಗೂ ಸ್ಟೀಲಿನ ಕಪ್ಪು, ಪುತಳಾಬಾಯಿಗೆ ಕಾಗದದ ಕಪ್ಪು. ಅದನ್ನು ಕೊಡುತ್ತ ದನಿ ತಗ್ಗಿಸಿದಳು.

"ತಪ್ಪು ತಿಳಿಬ್ಯಾಡ್ರಿ. ನಮ್ಮ ಅತ್ತಿಯವರಿಗೆ ಇದೆಲ್ಲಾ ನಡಿಯಂಗಿಲ್ಲ. ನಮಗೇನೂ ಇಲ್ರಿ."

ನನಗೆ ನೆಲ ನೋಡುವ ಹಾಗಾಯಿತು. ಈ ಮಾತು ಹೊಸದಲ್ಲ. ರಮಾಬಾಯಿ ಮನೆಗೆ ಬಂದಾಗಲೆಲ್ಲ ಹೀಗೆಯೇ. ಆಯಿಯ ಮೇಲೆ ನನಗೆ ಸಿಟ್ಟಿತ್ತು, ಆದರೆ ವಯಸ್ಸಾದವಳ ಜೊತೆ ಏನು ಜಗಳ ಎಂದು ಸುಮ್ಮನಿದ್ದೆ.

ಪುತಳಾಬಾಯಿ ಒಂದು ಗುಟುಕು ಕುಡಿದರು. "ಚಾ ಛಲೋ ಆಗ್ಯದ. ನಿಮ್ಮ ಅತ್ತಿಯವರು ಭಾಳ ಕಟ್ಟುನಿಟ್ಟೇನು?"

"ಅಯ್ಯೋ, ಏನ್ ಕೇಳ್ತೀರಿ! ಮಾವನವರು ಹೋಗಿ ಹನ್ನೊಂದು ವರ್ಷ ಆಯ್ತು, ಅವತ್ತಿನಿಂದ ಒಪ್ಪತ್ತು ಹಿಡದಾರ. ಮಧ್ಯಾಹ್ನ ಒಂದೇ ಹೊತ್ತು ಊಟ. ರಾತ್ರಿ ಒಂದು ಲೋಟ ಹಾಲು, ಒಂದು ಬಾಳಿಹಣ್ಣು. ದೇವರು ಬಂದು ಕುಂತ್ರೂ ತಾಟಿನ ಮುಂದ ಕುಂದ್ರಂಗಿಲ್ಲ."

"ಈ ಕಪ್ಪು ಯಾರು ತರ್ತಾರ?"

"ಇವರೇ," ಎಂದು ಮಂಜುಷಾ ನನ್ನನ್ನು ತೋರಿಸಿದಳು.

ಹೌದು, ನಾನೇ. ತಿಂಗಳಿಗೊಂದು ಸಲ, ಐವತ್ತರ ಕಟ್ಟು. ಸಾಮಾನಿನ ಚೀಟಿಯಲ್ಲಿ ಬರೆದಿರುತ್ತಿತ್ತು, ತರುತ್ತಿದ್ದೆ.

ಪುತಳಾಬಾಯಿ ಕಪ್ಪನ್ನು ಖಾಲಿ ಮಾಡಿ, ಎಸೆಯದೆ, ಮಡಚಿ ತಮ್ಮ ಚೀಲದಲ್ಲಿಟ್ಟುಕೊಂಡರು.

"ಮಧ್ಯಾಹ್ನ ಕಮಲಾಪುರಕ್ಕ ಹೋಗೂಣು. ನೀವೂ ಬರ್ರಿ ಬಾಯಿ, ಕೆಂಪ ಬಾಳಿಹಣ್ಣು ಕೊಡಸ್ತೀನಿ."

ಮಂಜುಷಾ ಹೊರಟಳು. ಆಯಿಯನ್ನು ಒಂಟಿಯಾಗಿ ಎದುರಿಸುವುದು ನನಗೂ ಬೇಡವಾಗಿತ್ತು.

*

ದಾರಿಯಲ್ಲಿ ದೌಲಪ್ಪನ ಮನೆಗೆ ಇಳಿದೆವು. ದೌಲಪ್ಪನ ಮೇಲಿನ ಅನುಮಾನವನ್ನು ಪುತಳಾಬಾಯಿಗೆ ನಾನೇ ಹೇಳಿದ್ದೆ. ದೌಲಪ್ಪ ಕಮಲಾಪುರದವರು, ಕೊರಳಲ್ಲಿ ಪಂಢರಪುರದ ತುಳಸಿ ಮಾಲೆ, ಬಂಡು ಮಾಮಾನ ಭಕ್ತರು. ಆ ಶುಕ್ರವಾರದ ಹಿಂದಿನ ದಿನ ಮಾಮಾನ ಮನೆಗೆ ಹೋಗಿದ್ದರು. ಆಯಿ ಹೇಳಿರಬೇಕು, ಇವರು ಪ್ರಿಂಟು ತೆಗೆದಿರಬೇಕು!

"ದೌಲಪ್ಪನವರ, ಶುಕ್ರವಾರ ಲಕೋಟೆದಾಗ ಚೀಟಿ ಇಟ್ಟಿದ್ರೇನು?" ಎಂದು ನಾನೇ ಕೇಳಿದೆ.

ದೌಲಪ್ಪ ಬೆವರಿದರು. ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಸುಮಂಗಲಾ ರೊಟ್ಟಿ ಬಡಿಯುವ ಸದ್ದು.

"ಹೊರಗ ಬರ್ರಿ, ಹೇಳ್ತೀನಿ..."

"ಇಟ್ಟಿದ್ರೋ ಇಲ್ಲೋ?"

"ಇಟ್ಟಿದ್ದೆ." ದೌಲಪ್ಪ ಮಾಲೆಯನ್ನು ಅಂಗಿಯ ಒಳಗೆ ಸರಿಸಿಕೊಂಡು ಪಿಸುಗುಟ್ಟಿದರು. "ಮೂರನೇ ರಾತ್ರಿ... ಆ ಮೀನಿನ ಹೋಟೆಲಿನ್ಯಾಗ... ಒಂದು ಕುರ್ಚಿ. ಒಂದೇ ಸಲ ರುಚಿ ನೋಡಬೇಕಂತ. ಮಾಲಿ ಹಾಕ್ಕೊಂಡಾವ ಮೀನ ತಿಂದಾಂತ ಗೊತ್ತಾದ್ರ ನಾ ಊರಾಗ ಹ್ಯಾಂಗ ತಿರುಗಾಡ್ಲಿ? ಖಮರುದ್ದೀನ್ ಭಾಯಿಗೆ ಆಣಿ ಹಾಕ್ಸಿದ್ದೆ."

ರೊಟ್ಟಿಯ ಸದ್ದು ನಿಂತಿತ್ತು. "ಯಾವ ಮೀನರಿ?" ಎಂದು ಒಳಗಿನಿಂದ ಸುಮಂಗಲಾ ಕೇಳಿದರು.

ಪುತಳಾಬಾಯಿ ಖಮರುದ್ದೀನರಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡರು. ದೌಲಪ್ಪನ ಚೀಟಿ ಬೇರೆಯೇ ಇತ್ತು, ಕೈಬರಹದ್ದು. ದೌಲಪ್ಪನನ್ನು ಹೆಂಡತಿಯ ವಿಚಾರಣೆಗೆ ಬಿಟ್ಟು ನಾವು ಹೊರಟೆವು. ಗಂಟೆ ಒಂದೂವರೆ.

*

ಬಂಡು ಮಾಮಾನ ಮನೆಯ ಪಡಸಾಲೆಯಲ್ಲಿ ಆಯಿ ಹತ್ತಿಯ ಬತ್ತಿ ಹೊಸೆಯುತ್ತ ಕೂತಿದ್ದಳು. ಪುತಳಾಬಾಯಿ ಯಾರೆಂದು ನಾನು ಹೇಳಿದೆ. ರಮಾಬಾಯಿಯ ಚಿಕ್ಕಮ್ಮ ಎಂದ ಕೂಡಲೆ ಆಯಿ ಎದ್ದಳು. ತಾನೇ ಒಳಗೆ ಹೋಗಿ ಚಹಾ ಮಾಡಿ ತಂದಳು. ನಾಲ್ಕು ಕಪ್ಪು. ನಾಲ್ಕೂ ಸ್ಟೀಲಿನವು. ಒಂದೇ ತಟ್ಟೆಯಲ್ಲಿ.

ನಾನು ಆ ಕಪ್ಪುಗಳನ್ನೇ ನೋಡಿದೆ. ಮಂಜುಷಾ ಎಲ್ಲಿಯೂ ನೋಡಲಿಲ್ಲ.

"ನಮ್ಮ ರಮಾ ಹ್ಯಾಂಗ ಇದ್ದಾಳ?" ಆಯಿ ಕೇಳಿದಳು. "ಹಡಗಿನ್ಯಾಗ ಮಧ್ಯಾಹ್ನ ಊಟಕ್ಕ ಆಕಿ ನನ್ನ ಬಾಜೂಕ ಇರ್ಬೇಕು ನೋಡ್ರಿ. ಆ ಇಂಗ್ಲಿಷ್ ಹೆಸರಿನ ಪಲ್ಯಾ ಯಾವುದು, ತತ್ತಿ ಹಾಕಿದ್ದು ಯಾವುದು, ಆಕೀನೇ ಹೇಳ್ಬೇಕು."

"ರಾತ್ರಿ ಊಟಕ್ಕ?" ಪುತಳಾಬಾಯಿ ಕೇಳಿದರು.

"ರಾತ್ರಿ ನಾ ಯಾಕ ಬರ್ಲಿ? ಇವರು ಉಣ್ಣೋದು ನೋಡ್ಕೋತ ಕುಂದ್ರಲೇನು? ನಂದು ಒಪ್ಪತ್ತು. ಮ್ಯಾಲೇ ಹಾಲು ಕುಡದು ಮಲ್ಕೋತೀನಿ."

ಪುತಳಾಬಾಯಿ ನನ್ನ ಕಡೆ ತಿರುಗಿದರು. "ಕೇಳಿದ್ರಾ ಸರ್?"

ಕೇಳಿದೆ. ಆದರೆ ತಿಳಿಯಲು ಇನ್ನೂ ಒಂದು ಕ್ಷಣ ಬೇಕಾಯಿತು. ಮಕ್ಕಳಿಗೆ ಕಣ್ಣು ಬಿಟ್ಟು ನೋಡಿ ಎಂದು ಪಾಠ ಹೇಳುವ ಮಾಸ್ತರ ನಾನು!

"ಚೀಟಿದಾಗ ಏನ್ ಬರದದ? ಹಿರಿಯರ ಊಟದ ನಿಯಮ. ಬದಲಾಗಿದ್ದು ಯಾವ ಊಟ? ರಾತ್ರಿದು. ಈ ಹಿರಿಯರ ನಿಯಮ ಏನು? ರಾತ್ರಿ ಊಟಾನೇ ಇಲ್ಲ! ಇವರು ಊಟ ಮಾಡೋದು ಮಧ್ಯಾಹ್ನ, ಮ್ಯಾಲಿನ ಬಫೆದಾಗ. ಅಲ್ಲಿ ಯಾರು ಬೇಕಾದವರು ಬಾಜೂಕ ಕುಂದ್ರತಾರ. ಇವರಿಗೆ ರಮಾ ಬ್ಯಾಡಾಗಿದ್ರ ತ್ರಾಸು ಅಲ್ಲಾಗ್ತಿತ್ತು. ತಾವೇ ಬರಲಾರದ ಟೇಬಲ್ಲಿನಿಂದ ಒಬ್ಬರನ್ನ ಎಬ್ಬಿಸಿ ಇವರಿಗೇನ್ ಸಿಗ್ತದ? ಅಂದ್ರ ಚೀಟಿ ಬರದವರು ರಾತ್ರಿ ಉಣ್ಣೋ ಮಂದಿ. ಹಿರಿಯರ ಹೆಸರು ಬರೇ ಮುಂದಿಟ್ಟಾರ."

ಅವರು ಚೀಲದಿಂದ ಮಡಚಿದ ಕಾಗದದ ಕಪ್ಪು ತೆಗೆದು ಸ್ಟೀಲಿನ ಕಪ್ಪಿನ ಪಕ್ಕದಲ್ಲಿಟ್ಟರು.

"ಅತ್ತಿ ಮನ್ಯಾಗಿಲ್ಲ, ಹನ್ನೆರಡು ದಿನ ಆಯ್ತು. ಆದ್ರೂ ಅತ್ತಿ ಸಲುವಾಗಿ ಅಂತ ನನಗ ಇದು ಬಂತು. ಹೌದಲ್ಲ ಬಾಯಿ? ಹಡಗಿನ್ಯಾಗ ಕಾಗದದ ಕಪ್ಪು ಸಿಗ್ತಾವೇನಂತ ನೀವು ಫೋನ್ ಮಾಡಿ ಕೇಳಿದ್ರಿ. ಇಲ್ಲಂದ್ರು. ಕಪ್ಪು ಬ್ಯಾರೆ ಮಾಡಾಕ ಬರ್ಲಿಲ್ಲ, ಟೇಬಲ್ಲೇ ಬ್ಯಾರೆ ಮಾಡಿದ್ರಿ."

"ಅತ್ತಿಯವರಿಗೆ ತ್ರಾಸ ಆಗಬಾರದಂತ..." ಮಂಜುಷಾ ಆರಂಭಿಸಿ ಅತ್ತೆಯ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ಬಂದ ದನಿ ಅವಳದೇ ಎಂದು ನನಗೆ ಅನಿಸಲಿಲ್ಲ. "ಹೌದು. ನಾನೇ ಬರದೆ. ಒಂದು ಸಂಜಿ ಆದ್ರ ಹ್ಯಾಂಗೋ ನಡೀತಿತ್ತು. ಐದು ರಾತ್ರಿ, ನಡುವ ಒಂದೇ ಬುಟ್ಟಿ ರೊಟ್ಟಿ ಇಟ್ಟು, ಎಲ್ಲಾರೂ ಕೈ ಹಾಕಿ... ನನಗ ಆಗ್ಲಿಲ್ಲ. ಯಾಕಂತ ಕೇಳಬ್ಯಾಡ್ರಿ. ಹೇಳಾಕ ನನಗೇ ನಾಚಿಕಿ ಆಗ್ತದ."

"ಬರದವರು ಇವರು," ಎಂದರು ಪುತಳಾಬಾಯಿ. "ಮುಟ್ಟಿಸಿದವರು ನೀವು, ಸರ್. ಲಕೋಟೆನೂ ನೀವೇ ಒಯ್ದ್ರಿ, ಕಪ್ಪೂ ನೀವೇ ತಂದ್ರಿ. ಎರಡರ ಒಳಗೂ ಏನದಂತ ನೋಡಲಿಲ್ಲ."

ಆಯಿಯ ಮೇಲೆ ಸಿಟ್ಟು ಮಾಡಿಕೊಂಡು ನಾನು ಎಷ್ಟು ಹಾಯಾಗಿದ್ದೆ! ಅವಳಿಗೆ ಮಡಿಯ ಹಣೆಪಟ್ಟಿ ಹಚ್ಚಿ, ಅದರ ಹಿಂದೆ ಸುಧಾರಿಸಿದವನಾಗಿ ಕೂತಿದ್ದೆ. ಒಂದು ದಿನ, ಒಂದೇ ಒಂದು ಸಲ, ಈ ಕಪ್ಪು ಬೇಕೇನು ಆಯಿ ಎಂದು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದು ಒಳಗೊಳಗೆ ಗೊತ್ತಿತ್ತೇನೋ!

ಆಯಿ ಆ ಕಾಗದದ ಕಪ್ಪನ್ನು ಕೈಗೆತ್ತಿಕೊಂಡಳು.

"ಇವು ರಮಾನ ಸಲುವಾಗಿ ಇದ್ವೇನು? ತೊಳಿಯೋ ತ್ರಾಸು ಬ್ಯಾಡಂತ ತರ್ತಾರಂತ ತಿಳದಿದ್ದೆ ನಾ." ಕಪ್ಪನ್ನು ಕೆಳಗಿಟ್ಟಳು. "ನಾನೂ ಸಾಚಾ ಅಲ್ಲ. ಆಕಿ ಮೊದಲ ಸಲ ಮನಿಗೆ ಬಂದಾಗ ಬ್ಯಾರೆ ಲೋಟ ಇಡ್ಸಿದಾಕಿ ನಾನೇ. ಆಮ್ಯಾಲ ನನ್ನ ಕಾಲು ಮುರೀತು. ದವಾಖಾನ್ಯಾಗ ಮೂರು ದಿನ ಕುಂತು ಗಂಜಿ ಕುಡಿಸಿದಾಕಿ ರಮಾ. ಅವತ್ತೇ ಬಿಟ್ಟೆ. ಬಿಟ್ಟೀನಂತ ಬಾಯಿ ಬಿಟ್ಟು ಹೇಳಲಿಲ್ಲ, ಅದು ನನ್ನ ತಪ್ಪು. ನೀವೂ ಕೇಳಲಿಲ್ಲ."

ಮಂಜುಷಾ ಎದ್ದು ಒಳಗೆ ಹೋದಳು. ಗಂಟೆ ನಾಲ್ಕಾಗಿತ್ತು.

"ರಮಾನ ಟೇಬಲ್ಲಿಗೆ ಎಷ್ಟು ಕುರ್ಚಿ ಅದಾವ?" ಆಯಿ ಕೇಳಿದಳು.

"ನಾಲ್ಕು," ಎಂದರು ಪುತಳಾಬಾಯಿ.

"ಅವರು ಮೂರೇ ಮಂದಿ. ಫೋನ್ ಹಚ್ಚು, ಅತುಲ."

ಹಚ್ಚಿದೆ. ಆಯಿ ಎಲ್ಲವನ್ನೂ ಹೇಳಿದಳು, ತನ್ನ ಲೋಟದ ಸಂಗತಿಯನ್ನೂ ಬಿಡದೆ. ಕೊನೆಗೆ ಕೇಳಿದಳು: "ರಮಾ, ನಿನ್ನ ಟೇಬಲ್ಲಿಗೆ ಒಂದು ಕುರ್ಚಿ ಖಾಲಿ ಅದ. ನಾ ಉಣ್ಣಂಗಿಲ್ಲ, ಹಾಲಿನ ಲೋಟ ತಗೊಂಡು ಕುಂದ್ರತೀನಿ. ಬರ್ಲೇನು?"

ಆ ಕಡೆಯಿಂದ "ಬರ್ರಿ ಆಯಿ," ಎಂಬ ದನಿ ನನಗೂ ಕೇಳಿಸಿತು.

ಫೋನು ನನ್ನ ಕೈಗೆ ಬಂತು. ಹೇಳಲೇಬೇಕಿತ್ತು.

"ಮೇಡಂ, ಚೀಟಿ ಬರೆದದ್ದು ನಮ್ಮ ಮನಿಯಾಕಿ. ಆ ಕಾಗದದ ಕಪ್ಪು ತರ್ತಿದ್ದವ ನಾನು. ತಪ್ಪಾಯ್ತ್ರಿ."

"ಕಪ್ಪು ನನಗ ಮೊದಲ ದಿನದಿಂದ ಗೊತ್ತಿತ್ತು ಸರ್. ವಯಸ್ಸಾದಾಕಿ, ಆಕಿ ಮನಸ್ಸು ನೋಯಬಾರದಂತ ಕುಡೀತಿದ್ದೆ. ನಿಮ್ಮ ಮನಸ್ಸಿನ ಸಲುವಾಗಿ ಕುಡ್ಯಾಕತ್ತೀನಂತ ಗೊತ್ತಿರಲಿಲ್ಲ."

"ಖಮರುದ್ದೀನರಿಗೆ ಈಗ ಹೇಳ್ತೀನಿ. ಮತ್ತ ಎಲ್ಲಾರೂ ಒಂದೇ ಟೇಬಲ್ಲಿಗೆ..."

"ಬ್ಯಾಡ್ರಿ. ನಮಗ ಎಂಟೂಮುಕ್ಕಾಲೇ ಇರ್ಲಿ."

"ಹಂಗಿದ್ರ ನಾನೂ ಆ ಪಾಳಿಗೆ ಬಂದು ನಿಮ್ಮ ಜೋಡಿ ಕುಂದ್ರತೀನಿ, ಮೇಡಂ."

"ಕುರ್ಚಿ ಒಂದೇ ಖಾಲಿ ಇತ್ತು, ಸರ್," ಎಂದು ರಮಾಬಾಯಿ ಫೋನು ಇಟ್ಟರು.